ಬುಟ್ಟಿಗೆ ಹಾಕಿ ಬಂದ ಕಾದಂಬರಿ

ಇವತ್ತು ಬೆಳಿಗ್ಗೆ ಮನೆ ಮುಂದೆ ತಳ್ಳುಗಾಡಿಯವನ ಹತ್ತಿರ ಹುರುಳಿಕಾಯಿ ಆರಿಸುತ್ತಾ ನಿಂತಿದ್ದಾಗ ಜೇಬಿನಲ್ಲಿದ್ದ ಫೋನು ಗುಂಯ್ ಎಂದಿತು. ತೆಗೆದು ನೋಡಿದರೆ ಆನ್‌ಲೈನ್ ಅಂಗಡಿಯೊಂದರ ಸಂದೇಶ: ನೀವು ಕಣ್ಣಿಟ್ಟಿದ್ದ ಪುಸ್ತಕದ ಬೆಲೆ ಇಳಿದಿದೆ. ಯಾವ ಪುಸ್ತಕ ಎಂದು ಒತ್ತಿದೆ. ಜೇನು ಸಾಕಣೆಯ ಬಗ್ಗೆ ಒಂದು ಇ-ಪುಸ್ತಕ. ಜೇನಿನ ಮೇಲೆ ನಾನು ಯಾವಾಗ ಕಣ್ಣಿಟ್ಟೆ ಎಂದು ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಸಹಕಾರನಗರದ ನಮ್ಮ ಸೈಟಿನಲ್ಲಿ ತುಳಸಿ ಕುಂಡಕ್ಕೇ ಜಾಗ ಸಾಲದೆ ಅದನ್ನು ಮಹಡಿಗೆ ಸಾಗಿಸಿದ್ದೇವೆ. ಇನ್ನು ಜೇನು ಎಲ್ಲಿ ಸಾಕಲಿ? ಆದರೂ ಬೆಲೆ ಇಳಿದಿದೆ ಎಂದ ಕೂಡಲೇ ಬೆರಳು ತಾನಾಗಿಯೇ ಆ ಕಡೆ ಹೋಯಿತು. 'ಸಾರ್, ಅರ್ಧ ಕೆಜಿ ಹಾಕ್ಲಾ?' ಎಂದು ಗಾಡಿಯವನು ಕೇಳದಿದ್ದರೆ ಕೊಂಡೇಬಿಡುತ್ತಿದ್ದೆನೋ ಏನೋ.

ನಿಮಗೂ ಇಂಥದ್ದೊಂದು ಚಟ ಇರಬಹುದು. ಇಲ್ಲದಿದ್ದರೆ ನೀವು ಪುಣ್ಯವಂತರು. ನನಗೆ ಪುಸ್ತಕದ ಚಟ ಎಂದು ಬಹಳ ದಿನ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದೆ. ನನ್ನ ಹೆಂಡತಿ ಶೈಲಾ ಒಂದು ದಿನ ನೆಂಟರ ಮುಂದೆಯೇ ಅದನ್ನು ತಿದ್ದಿದಳು. 'ಇವರಿಗೆ ಪುಸ್ತಕದ ಚಟ ಅಲ್ಲ ಕಣ್ರೀ, ಪುಸ್ತಕದ ರೇಟ್ ನೋಡೋ ಚಟ.' ನೆಂಟರು ನಕ್ಕರು. ನಾನೂ ನಕ್ಕೆ. ನಗದೆ ಬೇರೆ ದಾರಿ ಇರಲಿಲ್ಲ.

ಇದು ಅಪ್ಪನಿಂದ ಬಂದ ಆಸ್ತಿ. ನಾನು ಬೆಳೆದದ್ದು ಹಳೇ ಯಲಹಂಕದಲ್ಲಿ. ಸಂತೆಯ ದಿನ ಚೀಲ ಹಿಡಿದು ಅಪ್ಪನ ಹಿಂದೆ ಹೋಗುವುದು ನನ್ನ ಪಾಲಿನ ಕೆಲಸ. ಮೊದಲು ಹೇಳಿದ ಬೆಲೆಗೆ ಅಪ್ಪ ಏನನ್ನಾದರೂ ಕೊಂಡದ್ದನ್ನು ನಾನು ಕಂಡಿಲ್ಲ. ಬೆಲೆ ಕೇಳಬೇಕು, ಮುಖದಲ್ಲಿ ಸ್ವಲ್ಪ ನೋವು ತೋರಿಸಬೇಕು, 'ಆಯ್ತು ಬಿಡಪ್ಪ' ಎಂದು ಹೊರಡಬೇಕು. ವಿದ್ಯೆಯೆಲ್ಲ ಇರುವುದು ಆ ಹೊರಡುವುದರಲ್ಲಿ. ದಡದಡ ನಡೆದರೆ ಇವನಿಗೆ ನಿಜವಾಗಿಯೂ ಬೇಡ ಎಂದುಕೊಂಡು ಅಂಗಡಿಯವನು ಸುಮ್ಮನಾಗುತ್ತಾನೆ. ತೀರಾ ಎಳೆದಾಡಿದರೆ ಇವನೆಲ್ಲಿಗೆ ಹೋದಾನು ಎಂದು ಬೀಡಿ ಹಚ್ಚುತ್ತಾನೆ. ಅಪ್ಪನದು ಇವೆರಡರ ನಡುವಿನ ಒಂದು ನಡಿಗೆ. ಬೇರೆಲ್ಲೂ ಅವನು ಹಾಗೆ ನಡೆಯುತ್ತಿರಲಿಲ್ಲ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದಿನಿಂದ ಕೂಗು ಬರುತ್ತಿತ್ತು. 'ಯಜಮಾನ್ರೇ, ಬನ್ನಿ ಇಲ್ಲಿ. ಇಂಗ್ ಒಂಟೋದ್ರೆ ಎಂಗೆ?' ಅಪ್ಪ ತಿರುಗುವಾಗ ನನ್ನ ಕಡೆ ನೋಡಿ ಹುಬ್ಬು ಹಾರಿಸುತ್ತಿದ್ದ. ಆ ಹುಬ್ಬಿಗಾಗಿಯೇ ನಾನು ಸಂತೆಗೆ ಹೋಗುತ್ತಿದ್ದೆ.

ಸಂತೆಗೆ ನಮ್ಮ ಜೊತೆ ಚಿಕ್ಕಮ್ಮನೂ ಬರುತ್ತಿದ್ದಳು. ಚಿಕ್ಕಮ್ಮ ಎಂದರೆ ನಮ್ಮಮ್ಮನ ತಂಗಿ. ಅವಳ ದಾರಿಯೇ ಬೇರೆ. ಬೆಲೆಯ ಸುದ್ದಿಗೇ ಹೋಗುತ್ತಿರಲಿಲ್ಲ. ಒಂದು ದ್ರಾಕ್ಷಿ ಬಾಯಿಗೆ ಹಾಕಿಕೊಂಡು ಮುಂದೆ ಹೋಗುವಳು, ಕಡಲೆಕಾಯಿ ಒಂದು ಸುಲಿಯುವಳು, ಬೆಲ್ಲದ ಅಚ್ಚಿನ ಮೂಲೆ ಮುರಿದು ನಾಲಿಗೆಗೆ ಇಡುವಳು. ಸಂತೆ ಸುತ್ತಿ ಬರುವಷ್ಟರಲ್ಲಿ ಅವಳಿಗೆ ಅರ್ಧ ಊಟವಾಗಿರುತ್ತಿತ್ತು. ಆದರೆ ರುಚಿ ನೋಡಿದ ಕಡೆ ಏನಾದರೊಂದು ಕೊಳ್ಳದೆ ಬಂದರೆ ಅವಳಿಗೆ ಸಂಕಟ. 'ತಿಂದು ನೋಡಿ ಸುಮ್ನೆ ಬಂದ್ರೆ ಅವರ ಮನಸ್ಸಿಗೆ ಹೇಗಾಗುತ್ತೆ?' ಎಂದು ಅಪ್ಪನ ಜೊತೆ ಜಗಳ ಕಾಯುತ್ತಿದ್ದಳು. ಕೊನೆಗೆ ಮನೆಗೆ ಒಂದಚ್ಚು ಬೆಲ್ಲ ಹೆಚ್ಚಿಗೆ ಬರುತ್ತಿತ್ತು.

ಚಿಕ್ಕಮ್ಮ ನಮ್ಮ ಮನೆಗೆ ಬಂದದ್ದು ನಾನು ಎಂಟನೇ ಕ್ಲಾಸಿನಲ್ಲಿದ್ದಾಗ. ಹುಣಸಮಾರನಹಳ್ಳಿಯ ಗಂಡನ ಮನೆಯಿಂದ ಗೌರಿ ಹಬ್ಬಕ್ಕೆಂದು ಬಂದಳು. ತವರು ಮನೆ ಎಂದು ಅವಳಿಗೆ ಉಳಿದಿದ್ದದ್ದು ಅಕ್ಕನ ಮನೆಯೊಂದೇ. ಬಾಗಿನ ಕೊಟ್ಟಿದ್ದಾಯಿತು, ಗಣೇಶನನ್ನು ಕೆರೆಗೆ ಬಿಟ್ಟು ಬಂದಿದ್ದಾಯಿತು, ಚಿಕ್ಕಮ್ಮ ಹೊರಡುವ ಮಾತೇ ಆಡಲಿಲ್ಲ. ಒಂದು ಸಲ ಆ ಕಡೆಯವರು ಬಂದು ಹಜಾರದಲ್ಲಿ ಕೂತು ಕಾಫಿ ಕುಡಿದು ಹೋದದ್ದು ನೆನಪಿದೆ. ಅಪ್ಪ ಅವರಿಗೆ 'ಕಳಿಸ್ತೀವಿ ಬಿಡಿ' ಎಂದ. ಒಳಗೆ ಅಮ್ಮನ ಹೊಲಿಗೆ ಮೆಷಿನ್ನು ಮಾತ್ರ ಒಂದೇ ಸಮನೆ ಓಡುತ್ತಿತ್ತು. ಅದನ್ನು ತುಳಿಯುತ್ತಿದ್ದವಳು ಚಿಕ್ಕಮ್ಮ. ಆಮೇಲೆ ಆ ಮೆಷಿನ್ನು ಅವಳದೇ ಆಯಿತು, ಅರ್ಧ ಯಲಹಂಕದ ರವಿಕೆಗಳೂ ಅವಳವೇ ಆದವು. ಯಾಕೆ ಬಂದೆ ಎಂದು ನಮ್ಮ ಮನೆಯಲ್ಲಿ ಯಾರೂ ಅವಳನ್ನು ಕೇಳಲಿಲ್ಲ. ಕೇಳದಿರುವುದೇ ಮರ್ಯಾದೆ ಎಂದು ಎಲ್ಲರೂ ತಿಳಿದಿದ್ದರೋ, ಅಥವಾ ಕೇಳಿದರೆ ಎದ್ದು ಹೋದಾಳು ಎಂಬ ಭಯವೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಅಪ್ಪ ಅಮ್ಮ ಹೋದ ಮೇಲೆ ಚಿಕ್ಕಮ್ಮ ನಮ್ಮ ಜೊತೆ ಸಹಕಾರನಗರಕ್ಕೆ ಬಂದಳು. ನೋಟು ಬದಲಾದ ವರ್ಷದ ಹೊತ್ತಿಗೆ ಅವಳ ಕಣ್ಣು ಕೈಕೊಡಲು ಶುರುವಾಯಿತು. ಸುತ್ತಲಿನದೆಲ್ಲ ಕಾಣುತ್ತದೆ, ನಟ್ಟನಡುವೆ ನೋಡಬೇಕಾದದ್ದೇ ಮಸುಕು. ಕನ್ನಡಕದಿಂದ ಪ್ರಯೋಜನವಿಲ್ಲ, ದೊಡ್ಡ ಅಕ್ಷರವಾದರೆ ಓದಬಹುದು, ಅದೂ ಎಷ್ಟು ದಿನ ಅಂತ ಹೇಳೋಕಾಗಲ್ಲ ಎಂದರು ಡಾಕ್ಟರು. ರವಿಕೆ ಹೊಲಿಯುವುದು ನಿಂತಾಗ ಅವಳು ಅಷ್ಟಾಗಿ ಬೇಸರಪಟ್ಟುಕೊಳ್ಳಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಕಾದಂಬರಿ ಓದುವುದು ನಿಂತಾಗ ಮಾತ್ರ ಗೋಡೆ ಕಡೆ ಮುಖ ಮಾಡಿ ಮಲಗತೊಡಗಿದಳು. ನನಗೆ ಅದನ್ನು ನೋಡಲಾಗಲಿಲ್ಲ. ಹೋಗಿ ಒಂದು ಟ್ಯಾಬ್ ತಂದೆ. ಅದರಲ್ಲಿ ಅಕ್ಷರವನ್ನು ಬೇಕಾದಷ್ಟು ಹಿಗ್ಗಿಸಬಹುದು.

ನನ್ನ ತಲೆ ಕೆಟ್ಟದ್ದು ಅಲ್ಲಿಂದ. ಇ-ಪುಸ್ತಕ ಮಾರುವ ಅಂಗಡಿಗಳು ಆಗ ನನಗೆ ಗೊತ್ತಿದ್ದವು ಮೂರು. ಒಂದಕ್ಕೆ ದೊಡ್ಡಂಗಡಿ ಎಂದು ಹೆಸರಿಟ್ಟುಕೊಂಡೆ, ಒಂದಕ್ಕೆ ಅದರ ಬಣ್ಣ ನೋಡಿ ನೀಲಿ ಅಂಗಡಿ ಎಂದೆ, ಇನ್ನೊಂದು ಬರೀ ಕನ್ನಡ ಪುಸ್ತಕದ್ದು, ಅದು ನಮ್ಮೋರ ಅಂಗಡಿ. ಒಂದೇ ಕಾದಂಬರಿಗೆ ಮೂರು ಕಡೆ ಮೂರು ಬೆಲೆ. ದೊಡ್ಡಂಗಡಿಯಲ್ಲಿ ನೂರ ಎಂಬತ್ತು. ನೀಲಿಯಲ್ಲಿ ಇನ್ನೂರ ನಲವತ್ತನ್ನು ಅಡ್ಡಗೆರೆ ಎಳೆದು ಹೊಡೆದು ಕೆಳಗೆ ನೂರ ಐವತ್ತು. ಇನ್ನೂರ ನಲವತ್ತು ಯಾವ ಕಾಲದಲ್ಲಿತ್ತು, ಯಾರು ಕೊಟ್ಟಿದ್ದರು? ನಮ್ಮೋರ ಅಂಗಡಿಯಲ್ಲಿ ಬೆಲೆಯೇ ಇಲ್ಲ, ತಿಂಗಳಿಗಿಷ್ಟು ಎಂದು ಕಟ್ಟಿದರೆ ಎಲ್ಲ ಓದಬಹುದು, ಕಟ್ಟುವುದು ನಿಲ್ಲಿಸಿದರೆ ಎಲ್ಲ ಮಾಯ. ಕಾಗದದ ಪುಸ್ತಕವಾದರೆ ಕಾಗದಕ್ಕಿಷ್ಟು, ಮುದ್ರಣಕ್ಕಿಷ್ಟು ಎಂದು ಏನೋ ಒಂದು ಅಂದಾಜು ಸಿಗುತ್ತದೆ. ತೂಕವಿಲ್ಲದ, ಕೊಳೆಯದ, ಎಷ್ಟು ಮಾರಿದರೂ ಮುಗಿಯದ ವಸ್ತುವಿಗೆ ಬೆಲೆ ಏರುವುದೇಕೆ, ಇಳಿಯುವುದೇಕೆ? ಸಂಜೆಗೆ ಸೊಪ್ಪು ಅಗ್ಗವಾಗುತ್ತದೆ, ಬಾಡುತ್ತದೆ ಅಂತ. ಕಾದಂಬರಿ ಬಾಡುವುದು ಹೇಗೆ?

ಆರ್.ಟಿ. ನಗರದ ನಮ್ಮ ಇನ್ಶೂರೆನ್ಸ್ ಆಫೀಸಿನಲ್ಲಿ ಪಕ್ಕದ ಮೇಜಿನ ನಯಾಜ್ ಹತ್ತಿರ ಈ ಸಂಕಟ ತೋಡಿಕೊಂಡೆ. ಅವನು ಉರ್ದು ಗಜಲುಗಳ ಇ-ಪುಸ್ತಕ ಕೊಳ್ಳುತ್ತಿದ್ದವನು, ಅನುಭವಸ್ಥ. ಇಬ್ಬರ ಫೋನನ್ನೂ ಪಕ್ಕಪಕ್ಕ ಇಟ್ಟು ದೊಡ್ಡಂಗಡಿಯಲ್ಲಿ ಅದೇ ಕಾದಂಬರಿ ಹುಡುಕಿದೆವು. ನನ್ನ ಫೋನಿನಲ್ಲಿ ನೂರ ಎಂಬತ್ತು, ಅವನದರಲ್ಲಿ ನೂರ ನಲವತ್ತು. ಒಂದೇ ಅಂಗಡಿ, ಒಂದೇ ಪುಸ್ತಕ, ಒಂದೇ ಮೇಜು.

'ಇದು ಹೇಗೆ ನಯಾಜ್?'

'ನಿನ್ ಮುಖ ನೋಡಿ ಹೇಳ್ತಾರೆ ಗುರು.'

'ನನ್ನ ಮುಖ ಅವರಿಗೆಲ್ಲಿ ಕಾಣುತ್ತೆ?'

'ದಿನಕ್ಕೆ ಎಷ್ಟ್ ಸಲ ಹೋಗಿ ನೋಡ್ತೀಯಾ? ಬೇಕೇ ಬೇಕು ಅಂತ ಅವರಿಗೆ ಗೊತ್ತಾಗೋಗಿದೆ. ಸ್ವಲ್ಪ ದಿನ ಆ ಕಡೆ ತಲೆ ಹಾಕ್ಬೇಡ.'

ಅವನು ಹೇಳಿದ್ದು ನಿಜವೋ ತಮಾಷೆಯೋ ತಿಳಿಯಲಿಲ್ಲ. ಆದರೆ ನನಗೆ ಅಪ್ಪನ ನಡಿಗೆ ನೆನಪಾಯಿತು. ಆನ್‌ಲೈನ್ ಅಂಗಡಿಯಲ್ಲೂ ಬುಟ್ಟಿ ಇರುತ್ತದೆ. ಕಾದಂಬರಿಯನ್ನು ಬುಟ್ಟಿಗೆ ಹಾಕಿದೆ, ದುಡ್ಡು ಕೊಡುವ ಬಾಗಿಲವರೆಗೂ ಹೋದೆ, ಅಲ್ಲಿ ನಿಂತು ಒಂದು ನಿಟ್ಟುಸಿರು ಬಿಟ್ಟು ಹೊರಗೆ ಬಂದೆ. ನಿಟ್ಟುಸಿರು ಯಾರಿಗೆ ಕೇಳಿಸಲಿ ಅಂತ ಬಿಟ್ಟೆನೋ. ಎರಡು ದಿನ ಆ ಕಡೆ ಸುಳಿಯಲಿಲ್ಲ. ಮೂರನೇ ದಿನ ನಂಬುತ್ತೀರೋ ಇಲ್ಲವೋ, ಕೂಗು ಬಂತು. ಬುಟ್ಟಿಯಲ್ಲಿ ಏನೋ ಬಿಟ್ಟು ಹೋಗಿದ್ದೀರಿ, ಬನ್ನಿ ಎಂದು ದೊಡ್ಡಂಗಡಿಯಿಂದ ಇ-ಮೇಲು. ನಾನು ಕುರ್ಚಿಯಲ್ಲಿ ಕೂತಲ್ಲೇ ನಯಾಜ್ ಕಡೆ ತಿರುಗಿ ಹುಬ್ಬು ಹಾರಿಸಿದೆ. ಗತ್ತಿನಿಂದ ಬುಟ್ಟಿ ತೆರೆದು ನೋಡಿದರೆ ಬೆಲೆ ಇನ್ನೂರು. ಹಿಂದಕ್ಕೆ ಕರೆದು ಬೆಲೆ ಏರಿಸುವ ಅಂಗಡಿಯವನನ್ನು ಪಾಪ, ನಮ್ಮಪ್ಪನೂ ಕಂಡಿರಲಿಲ್ಲ.

ಮಧ್ಯೆ ಜಾಣತನ ಮಾಡಲು ಹೋಗಿ ನೀಲಿ ಅಂಗಡಿಯಲ್ಲಿ ಬೇರೊಂದು ಕಾದಂಬರಿಯನ್ನು ಅಗ್ಗಕ್ಕೆ ಕೊಂಡೆ. ತೆರೆದರೆ ಅದು ಹಳೇ ಪುಸ್ತಕದ ಪುಟಗಳ ಫೋಟೋ. ಅಕ್ಷರ ಹಿಗ್ಗಿಸಿದರೆ ಪುಟವೇ ಹಿಗ್ಗಿ ಅರ್ಧ ಸಾಲು ಪರದೆಯ ಆಚೆ ಹೋಗುತ್ತದೆ. ಪ್ರತಿ ಸಾಲಿಗೂ ಬೆರಳಿನಿಂದ ಎಡಕ್ಕೆ ಬಲಕ್ಕೆ ಎಳೆಯುತ್ತಾ ಕೂತ ಚಿಕ್ಕಮ್ಮ ಸ್ವಲ್ಪ ಹೊತ್ತಿಗೇ ಅದನ್ನು ಪಕ್ಕಕ್ಕಿಟ್ಟಳು. 'ಇದು ಬೇಡ ಕಣೋ ಸೀನ, ಕೊಡ ಹೊತ್ತ ಹಾಗಾಗುತ್ತೆ' ಎಂದಳು. ತೆಂಗಿನಕಾಯಿ ಎಲ್ಲಿ ಕೊಂಡರೂ ತೆಂಗಿನಕಾಯಿಯೇ ಎಂಬ ನಂಬಿಕೆಯ ಮೇಲೆ ನಾನು ಬೆಲೆ ಹೋಲಿಸುತ್ತಿದ್ದೆ. ಇಲ್ಲಿ ಅದೂ ನಡೆಯುವಂತಿರಲಿಲ್ಲ.

ಇಷ್ಟೆಲ್ಲ ಆಗುವಾಗ ಚಿಕ್ಕಮ್ಮ ಏನು ಓದುತ್ತಿದ್ದಳು ಎಂದು ನಾನು ಯೋಚಿಸಿಯೇ ಇರಲಿಲ್ಲ. ದಿನವೂ ಮಧ್ಯಾಹ್ನ ಬಾಗಿಲ ಬೆಳಕಿಗೆ ಕೂತು ಟ್ಯಾಬಿನಲ್ಲಿ ಮುಳುಗಿರುತ್ತಿದ್ದಳು. ರಾತ್ರಿ ಊಟಕ್ಕೆ ಕೂತಾಗ ಕಥೆ ಹೇಳುತ್ತಿದ್ದಳು. ಒಬ್ಬ ಪೋಸ್ಟ್ ಮಾಸ್ತರನ ಕಥೆ, ಅಣ್ಣ ತಮ್ಮಂದಿರ ಕಥೆ, ಆನೆ ಸಾಕಿದವನ ಕಥೆ. ನಾನು ಕೊಂಡದ್ದು ಒಂದೇ ಪುಸ್ತಕ, ಅದೂ ಆ ಕೊಡ ಹೊತ್ತ ಹಾಗಿನದು. ಹಾಗಾದರೆ ಇವೆಲ್ಲ ಎಲ್ಲಿಂದ ಬಂದವು? ಶೈಲಾ ಗುಟ್ಟು ಬಿಚ್ಚಿದಳು. 'ಅವರು ಸ್ಯಾಂಪಲ್ ಓದ್ತಾರೆ ರೀ. ಎಲ್ಲ ಪುಸ್ತಕದ ಮೊದಲನೇ ಅಧ್ಯಾಯ ಬಿಟ್ಟಿ ಕೊಡ್ತಾರಲ್ಲ, ಅದು. ಮುಂದಿನದೆಲ್ಲ ಅವರೇ ಕಟ್ಟಿಕೊಳ್ತಾರೆ.'

ಸಂತೆಯ ದ್ರಾಕ್ಷಿಯನ್ನು ಅವಳು ಟ್ಯಾಬಿಗೂ ತಂದಿದ್ದಳು. ಅದಕ್ಕೆ ಅವಳಿಗೆ ನಾಚಿಕೆಯೂ ಇತ್ತು. 'ಇಷ್ಟೊಂದು ಜನದ್ದು ರುಚಿ ನೋಡಿದೀನಿ, ಒಬ್ಬರ ಹತ್ತಿರಾನಾದ್ರೂ ಕೊಳ್ಬೇಕು ಕಣೋ' ಎಂದು ನನ್ನ ಹತ್ತಿರ ಮೆತ್ತಗೆ ಹೇಳಿದಳು. ಯಾವುದು ಬೇಕು ಎಂದೆ. ನಾನು ಬುಟ್ಟಿಗೆ ಹಾಕಿ ಬಂದಿದ್ದ ಅದೇ ಕಾದಂಬರಿ.

ಅದರ ಹೆಸರು ಬೇಡ, ಬರೆದವರಿಗೆ ನೋವಾದೀತು. ಮೊದಲ ಅಧ್ಯಾಯ ಇಷ್ಟು: ವನಜ ಎಂಬ ಹೆಂಗಸು ಮಧ್ಯಾಹ್ನ ಪಾತ್ರೆ ತೊಳೆದು ಬೋರಲು ಹಾಕಿ, ಮನೆಗೆ ಬೀಗ ಹಾಕಿ, ಬೀಗದ ಕೈಯನ್ನು ಪಕ್ಕದ ಮನೆಯಲ್ಲಿ ಕೊಟ್ಟು, ಒಂದು ಕೈಚೀಲ ಹಿಡಿದು ಊರ ಮುಂದಿನ ಮರದ ಕೆಳಗೆ ಬಸ್ಸಿಗೆ ಕಾಯುತ್ತಾಳೆ. ಬಸ್ಸು ಬರುತ್ತದೆ. 'ಎಲ್ಲಿಗಮ್ಮಾ?' ಎಂದು ಕಂಡಕ್ಟರ್ ಕೇಳುತ್ತಾನೆ. ಅಲ್ಲಿಗೆ ಸ್ಯಾಂಪಲ್ಲು ಖಾಲಿ. ಮುಂದೆ ಓದಲು ಕೊಳ್ಳಿ.

ಅವತ್ತೇ ಕೊಳ್ಳಲು ಕೂತೆ. ಅವಳೇ ತಡೆದಳು. 'ಎಷ್ಟು ಹೇಳ್ತಿದಾರೆ? ಇನ್ನೂರಾ? ಇಳೀಲಿ ಬಿಡು.' ಬೆಲೆಯ ಸುದ್ದಿಗೇ ಹೋಗದ ಚಿಕ್ಕಮ್ಮ ಹೀಗೆ ಹೇಳಿದ್ದು ನನಗೆ ವಿಚಿತ್ರವಾಗಿ ಕಂಡಿತು. ಮಾರನೇ ದಿನದಿಂದ ಟೊಮೆಟೊ ಬೆಲೆ ಕೇಳಿದ ಹಾಗೆ ಕೇಳತೊಡಗಿದಳು. 'ವನಜಂದು ಎಷ್ಟಾಯ್ತೋ?' ನೂರ ತೊಂಬತ್ತು ಎಂದರೆ 'ಇನ್ನೂ ಇಳೀಬೇಕು' ಎನ್ನುವಳು. ನೂರ ಇಪ್ಪತ್ತಕ್ಕೆ ಬಂದಾಗಲೂ 'ಅವಸರ ಏನಿದೆ' ಎಂದಳು. ಅವಳಿಗೆ ಪುಸ್ತಕ ಬೇಕಿತ್ತೋ ಬೇಡವಾಗಿತ್ತೋ, ನನಗೆ ದೊಡ್ಡಂಗಡಿಯ ಲೆಕ್ಕಕ್ಕಿಂತ ಇದೇ ಹೆಚ್ಚು ಗೋಜಲಾಯಿತು.

ಈ ನಡುವೆ ವನಜಳ ಮುಂದಿನ ಜೀವನ ನಮ್ಮ ಊಟದ ಹೊತ್ತಿಗೆ ಸಾಗುತ್ತಲೇ ಇತ್ತು. ವನಜ ಅಕ್ಕನ ಮನೆಗೆ ಬಂದಳು. ಹೊಲಿಗೆ ಕಲಿತಳು. ಮೊದಲನೇ ರವಿಕೆಯ ತೋಳು ಬಿಗಿಯಾಗಿ, ಹೊಲಿಸಿದವಳು ಬೈದಾಗ ಬಚ್ಚಲಿಗೆ ಹೋಗಿ ಅತ್ತಳು. ಅಕ್ಕನ ಮಗ ಪರೀಕ್ಷೆಯಲ್ಲಿ ನಪಾಸಾದಾಗ ಅವನಪ್ಪನಿಗೆ ಗೊತ್ತಾಗದಂತೆ ನೋಡಿಕೊಂಡಳು. ನಾನು ಅನ್ನ ಕಲಸುವುದನ್ನು ನಿಲ್ಲಿಸಿದೆ. ನನ್ನ ಒಂಬತ್ತನೇ ಕ್ಲಾಸಿನ ಗಣಿತ ಅದು.

'ಆಮೇಲೆ ಚಿಕ್ಕಮ್ಮ?' ಎಂದೆ.

'ಆಮೇಲೆ ಏನು? ಚೆನ್ನಾಗಿದ್ದಳು' ಎಂದಳು. ಸಾರಿನ ಸೌಟು ಕೈಗೆತ್ತಿಕೊಂಡು ಸೇರಿಸಿದಳು, 'ಸರಿ ಮಾಡಿದಳೋ ಇಲ್ಲವೋ, ಬರೆದೋರಿಗೆ ಗೊತ್ತಿರುತ್ತೆ.'

ಆಗ ನನಗೆ ಸ್ವಲ್ಪ ಸ್ವಲ್ಪ ಅರ್ಥವಾಗತೊಡಗಿತು. ಇಷ್ಟು ವರ್ಷ ನಾವು ಯಾರೂ ಅವಳನ್ನು ಏನೂ ಕೇಳಿರಲಿಲ್ಲ. ಸರಿ ಮಾಡಿದೆ ಎಂದು ಕೂಡ ಯಾರೂ ಅವಳಿಗೆ ಹೇಳಿರಲಿಲ್ಲ. ಅದನ್ನು ಅವಳು ಗುರುತು ಪರಿಚಯವಿಲ್ಲದ ಒಬ್ಬ ಕಾದಂಬರಿಕಾರರಿಂದ ಕೇಳಲು ಕಾಯುತ್ತಿದ್ದಳು, ಕೇಳಲು ಹೆದರುತ್ತಲೂ ಇದ್ದಳು. ಬೆಲೆ ಅವಳಿಗೊಂದು ನೆಪವಾಗಿತ್ತು. ನಾನೇ ಹೇಳಿಬಿಡಬಹುದಿತ್ತಲ್ಲ ಎನ್ನುತ್ತೀರಿ. ಬಾಯಿವರೆಗೂ ಬಂತು. ಆದರೆ ಅವಳು ಮಾತಾಡುತ್ತಿದ್ದದ್ದು ವನಜಳ ಬಗ್ಗೆ, ಸಾರು ಬಡಿಸಲಾ ಎಂದು ಕೇಳುತ್ತಿದ್ದಳು ಬೇರೆ. ಹಾಕು ಎಂದೆ.

ಒಂದು ಸಂಜೆ ಹೆಬ್ಬಾಳದ ಫ್ಲೈಓವರ್ ಮೇಲೆ ಬಸ್ಸು ಅಲುಗಾಡದೆ ನಿಂತಿತ್ತು. ಅಭ್ಯಾಸ ಬಲದಿಂದ ಫೋನು ತೆಗೆದೆ. ವನಜ ಅರವತ್ತು ರೂಪಾಯಿ. ಯಾವ ಹಬ್ಬವೂ ಇರಲಿಲ್ಲ, ಯಾಕೆ ಇಳಿಯಿತೋ ದೇವರಿಗೇ ಗೊತ್ತು. ಈ ಸಲ ಅವಳನ್ನು ಕೇಳಲು ಹೋಗದೆ ಕೊಂಡುಬಿಟ್ಟೆ. ಮನೆಗೆ ಬಂದು ಟ್ಯಾಬನ್ನು ಕೈಗೆ ಕೊಟ್ಟಾಗ ಅವಳು ಬೆಲೆ ಕೇಳಲಿಲ್ಲ. ಸೆರಗಿನಿಂದ ಪರದೆ ಒರೆಸಿದಳು.

ಮುಂದಿನ ನಾಲ್ಕೈದು ದಿನ ಊಟದ ಹೊತ್ತಿಗೆ ಕಥೆ ಇರಲಿಲ್ಲ. ಅಕ್ಷರವನ್ನು ಎಷ್ಟು ದೊಡ್ಡದು ಮಾಡಿಕೊಂಡಿದ್ದಳು ಎಂದರೆ ಒಂದು ಪರದೆಗೆ ಒಂದೆರಡು ಸಾಲು ಹಿಡಿಸುತ್ತಿತ್ತು. ಬೆಳಿಗ್ಗೆ ಬಾಗಿಲಿಗೆ ಕೂತರೆ ಮಧ್ಯಾಹ್ನದವರೆಗೂ ಬೆರಳು ಆಡುತ್ತಲೇ ಇರುತ್ತಿತ್ತು. ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಕಣ್ಣಿನ ಅಂಚಿನಿಂದ ಓದುತ್ತಿದ್ದಳು. ನಾನು ಹತ್ತಿರ ಹೋದರೆ ಟ್ಯಾಬನ್ನು ಮಡಿಲಿಗೆ ಬೋರಲು ಹಾಕಿಕೊಳ್ಳುತ್ತಿದ್ದಳು. ವನಜ ಏನು ಮಾಡಿದಳು ಎಂದು ಕೇಳಲು ನನಗೂ ಧೈರ್ಯ ಬರಲಿಲ್ಲ.

ಭಾನುವಾರ ಬೆಳಿಗ್ಗೆ ನಾನು ಪೇಪರ್ ಓದುತ್ತಿದ್ದಾಗ ಬಂದು ಎದುರಿಗೆ ಕೂತಳು.

'ಸೀನ, ಇದನ್ನ ವಾಪಸ್ ತಗೊಳ್ತಾರೇನೋ?'

'ಯಾಕೆ, ಅಕ್ಷರ ಸರಿಯಾಗಿ ಕಾಣಲ್ವಾ?'

'ಕಾಣ್ಸುತ್ತೆ. ಪೂರ್ತಿ ಓದಿದೆ.'

ಓದಿ ಮುಗಿಸಿದ ಪುಸ್ತಕವನ್ನು, ಅದೂ ಅರವತ್ತಕ್ಕೆ ಸಿಕ್ಕಿದ್ದನ್ನು ಯಾರು ಹಿಂದಕ್ಕೆ ಕೊಡುತ್ತಾರೆ? ರುಚಿ ನೋಡಿದ ತಪ್ಪಿಗೆ ಬೆಲ್ಲದಚ್ಚು ಕೊಳ್ಳುತ್ತಿದ್ದವಳು ಇವಳೇನಾ ಎನಿಸಿತು. ಒಂದು ವಾರದೊಳಗಾದರೆ ತಗೊಳ್ತಾರೆ, ದುಡ್ಡೂ ಕೊಡ್ತಾರೆ ಎಂದೆ.

'ದುಡ್ಡು ಬೇಡ. ಅದನ್ನ ಅವರೇ ಇಟ್ಕೊಳ್ಳಲಿ, ಬರೆದೋರಿಗೆ ಸೇರಲಿ. ಪುಸ್ತಕ ನಮ್ಮನೇಲಿ ಇರೋದು ಬೇಡ.'

'ಅಂಥದ್ದೇನಿದೆ ಅದರಲ್ಲಿ?'

ಅವಳು ಕಿಟಕಿ ಕಡೆ ನೋಡಿಕೊಂಡು ಹೇಳಿದಳು. ವನಜ ಬಸ್ಸು ಹತ್ತುತ್ತಾಳೆ. ಬೇರೆ ಊರಿಗೆ ಬಂದು ಕೆಲಸ ಹಿಡಿಯುತ್ತಾಳೆ, ಕಷ್ಟಪಡುತ್ತಾಳೆ. ಅಲ್ಲಿಯವರೆಗೆ ಎಲ್ಲ ಚೆನ್ನಾಗಿಯೇ ಬರೆದಿದ್ದಾರೆ. ಕೊನೆಯ ಅಧ್ಯಾಯದಲ್ಲಿ ಅವಳಿಗೆ ತನ್ನ ತಪ್ಪು ತಿಳಿಯುತ್ತದೆ, ಗಂಡನ ಮನೆಗೆ ಹೋಗಿ ಕಾಲಿಗೆ ಬೀಳುತ್ತಾಳೆ. ಗಂಡ ದೊಡ್ಡ ಮನಸ್ಸು ಮಾಡಿ ಎಬ್ಬಿಸುತ್ತಾನೆ. ಅಲ್ಲಿಗೆ ಮುಗಿಯಿತು.

ಟ್ಯಾಬು ತೆಗೆದುಕೊಂಡು ದೊಡ್ಡಂಗಡಿ ತೆರೆದೆ. ಪುಸ್ತಕ ಕೊಟ್ಟು ದುಡ್ಡು ಬಿಟ್ಟುಕೊಡುವುದಕ್ಕೆ ಅಲ್ಲಿ ದಾರಿಯೇ ಇರಲಿಲ್ಲ, ಎರಡೂ ಒಟ್ಟಿಗೇ ಆಗಬೇಕು. ಅದನ್ನು ಹೇಳಿದೆ. 'ಹೋಗ್ಲಿ, ಆ ದುಡ್ಡಿಗೆ ಬೇರೆಯವರದ್ದು ಯಾವ್ದಾದ್ರೂ ತಗೋ' ಎಂದಳು. ಒತ್ತಿದೆ. ಯಾಕೆ ಬೇಡ ಎಂದು ಅಂಗಡಿ ಕೇಳಿತು. ತಪ್ಪಿ ಕೊಂಡೆ, ಪುಸ್ತಕ ತೆರೆಯುತ್ತಿಲ್ಲ, ಬೇರೆ ಕಡೆ ಅಗ್ಗಕ್ಕೆ ಸಿಕ್ಕಿತು ಎಂದು ಅವರೇ ಕೆಲವು ಕಾರಣ ಕೊಟ್ಟಿದ್ದರು. ಯಾವುದೂ ಹೊಂದಲಿಲ್ಲ. ಕೆಳಗೆ ನಾವೇ ಬರೆಯಲು ಸ್ವಲ್ಪ ಜಾಗ ಇತ್ತು.

'ಕಾರಣ ಕೇಳ್ತಿದಾರೆ ಚಿಕ್ಕಮ್ಮ. ಏನಂತ ಬರೀಲಿ?'

ಅವಳು ತಲೆಯನ್ನು ಪಕ್ಕಕ್ಕೆ ವಾಲಿಸಿ, ಕಣ್ಣಿನ ಅಂಚಿನಿಂದ ನನ್ನ ಮುಖವನ್ನು ನೋಡಿದಳು.

'ನಾನು ವಾಪಸ್ ಹೋಗ್ಲಿಲ್ಲ ಅಂತ ಬರಿ' ಎಂದಳು.

'ಒಳ್ಳೇದೇ ಮಾಡ್ದೆ' ಎಂದೆ. ಅವಳು ಹೇಳಿದಂತೆಯೇ ಬರೆದು ಕಳಿಸಿದೆ.